ಅತ್ತಿಮರಕ್ಕೆ ಕೌದಿ ಹೊದಿಸಿದ ದಿನ

ಬೇರನ್ನು ಎಳೆದು ತರಲು ಆಗುವುದಿಲ್ಲ, ಕರೆದು ತರಬೇಕು. ಮರದ ಬುಡದಿಂದ ಮನೆಯ ಗೋಡೆಯವರೆಗೆ ಮೊಳದಾಳದ ಕಾಲುವೆ ತೋಡಿ, ಅದರೊಳಗೆ ತೆಂಗಿನ ನಾರಿನ ಹಗ್ಗ ಹಾಸಿ, ಮೇಲೆ ಸಡಿಲಾಗಿ ಮಣ್ಣು ಮುಚ್ಚಬೇಕು. ಆಮೇಲೆ ದಿನವೂ ಬೆಳಿಗ್ಗೆ ಬೇರಿನ ತುದಿ ಎಲ್ಲಿಗೆ ಬಂದಿದೆಯೋ ನೋಡಿ, ಅಲ್ಲಿಂದ ಒಂದು ಗೇಣು ಮುಂದಕ್ಕೆ ಮಾತ್ರ ಹಗ್ಗವನ್ನು ಒದ್ದೆ ಮಾಡಬೇಕು. ಎರಡು ಗೇಣು ಒದ್ದೆ ಮಾಡಿದಿರೋ, ಎತ್ತ ಹೋಗಲಿ ಎಂದು ತಿಳಿಯದೆ ಕವಲೊಡೆದುಬಿಡುತ್ತದೆ. ಒದ್ದೆಯೇ ಮಾಡದಿದ್ದರೆ ಮುನಿಸಿಕೊಂಡು ಕೆಳಕ್ಕಿಳಿಯುತ್ತದೆ. ಒಂದು ಗೇಣು, ಅಷ್ಟೇ. ಹಾಗೆ ಕರೆದರೆ ದಿನಕ್ಕೆ ಎರಡು ಬೆರಳಗಲ ಬರುತ್ತದೆ. ಒಂದು ಓಣಿ ದಾಟಲು ಹತ್ತು ತಿಂಗಳು ಬೇಕು. ನಾನು ನಲವತ್ತೊಂದು ವರ್ಷದಿಂದ ಬೇರು ಕರೆಯುತ್ತಿದ್ದೇನೆ. ನಾನು ಕರೆದ ಬೇರು ಬಾರದೆ ಹೋದದ್ದಿಲ್ಲ. ಬಂದ ಮೇಲೆ ನೀರು ಕೊಡದೆ ಸತಾಯಿಸಿದ್ದು ಒಂದೇ ಒಂದು, ಹಾಲಪ್ಪನ ಮನೆಯದು. ಅದನ್ನೇ ಹೇಳಲು ಕೂತಿದ್ದೇನೆ.

ನಮ್ಮೂರಲ್ಲಿ ಬಾವಿ ಇಲ್ಲ, ಕೆರೆ ಇಲ್ಲ, ಹೊಳೆ ಇಲ್ಲ. ಪ್ರತಿ ಅಡುಗೆಮನೆಯ ಮೂಲೆಯಲ್ಲೂ ಗೋಡೆ ತೂರಿ ಬಂದ ಒಂದು ಬೇರು ಇರುತ್ತದೆ, ಹೆಬ್ಬೆರಳ ಗಾತ್ರದ್ದು. ತುದಿಯನ್ನು ಓರೆಯಾಗಿ ಕೊಯ್ದಿರುತ್ತೇವೆ. ಅದರ ಕೆಳಗೊಂದು ಬಿಂದಿಗೆ. ಕೋಳಿ ಕೂಗುವ ಹೊತ್ತಿಗೆ ಹನಿಯಲು ಶುರುವಾದರೆ ಮರದ ಎಲೆಗೆ ಬಿಸಿಲು ತಾಗುವ ತನಕ ಕೊಡುತ್ತದೆ. ಬಿಸಿಲು ತಾಗಿತೆಂದರೆ ಎಲೆಗಳು ನೀರನ್ನೆಲ್ಲ ಮೇಲಕ್ಕೆ ಎಳೆದುಕೊಳ್ಳುತ್ತವೆ, ಬೇರು ಸುಮ್ಮನಾಗುತ್ತದೆ. ಮೋಡದ ದಿನ ಮಾತ್ರ ಮಧ್ಯಾಹ್ನದವರೆಗೂ ಹನಿಯುತ್ತದೆ. ಅವತ್ತು ಓಣಿಯ ಹೆಂಗಸರೆಲ್ಲ ಎಣ್ಣೆ ಹಚ್ಚಿಕೊಂಡು ತಲೆ ತೊಳೆದುಕೊಳ್ಳುತ್ತಾರೆ. ಮರಕ್ಕೆ ನೀರು ಎಲ್ಲಿಂದ ಎಂದು ಹೊರಗಿನವರು ಕೇಳುತ್ತಾರೆ. ಮೈ ತೊಳೆದದ್ದು, ಪಾತ್ರೆ ತೊಳೆದದ್ದು, ಅಕ್ಕಿ ತೊಳೆದದ್ದು ಎಲ್ಲವನ್ನೂ ಬುಡಕ್ಕೇ ಬಿಡುತ್ತೇವೆ. ಮಿಕ್ಕದ್ದು ಮರಕ್ಕೆ ಗೊತ್ತು.

ಹಾಗಾಗಿ ನಮ್ಮಲ್ಲಿ ಸ್ನಾನ ಮರದ ಬುಡದಲ್ಲೇ, ಸೀರೆ ಮರೆ ಕಟ್ಟಿಕೊಂಡು. ಯಾರಾದರೂ ನಾಲ್ಕು ದಿನ ಪರಸ್ಥಳಕ್ಕೆ ಹೊರಟರೆ ಪಕ್ಕದ ಮನೆಗೆ ಹೋಗಿ, "ನಾವು ಬರೋತನಕ ನಮ್ಮ ಮರದ ಬುಡದಾಗೆ ಸ್ನಾನ ಮಾಡ್ರವ್ವ" ಎಂದು ಸೀಗೆಪುಡಿ ಕೊಟ್ಟು ಹೋಗುತ್ತಾರೆ. ಒಂದೇ ಮರದ ನೀರು ಕುಡಿಯುವ ಮನೆಗಳ ನಡುವೆ ಹೆಣ್ಣು ತರುವುದೂ ಇಲ್ಲ, ಕೊಡುವುದೂ ಇಲ್ಲ. ಅವರು ಅಣ್ಣತಮ್ಮಂದಿರ ಲೆಕ್ಕ, ಜಗಳವೂ ಅದೇ ಲೆಕ್ಕದ್ದು. ಅಡುಗೆಮನೆಯನ್ನು ಮಾತ್ರ ಯಾರೂ ತೊಳೆಯುವುದಿಲ್ಲ, ಒಣಬಟ್ಟೆಯಲ್ಲಿ ಒರೆಸುತ್ತಾರೆ. ಯಾಕೆಂದು ಕೇಳಿದರೆ "ಹಿಂದಿನಿಂದ ಬಂದದ್ದು" ಎನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತಿದ್ದೆ.

ಇನ್ನೊಂದು ಕಟ್ಟಳೆ ಇದೆ. ಬೇರು ನೀರು ಕೊಡದ ಮನೆ ಮನೆಯಲ್ಲ. ಅದರಲ್ಲಿರುವವರು ಊರಿನವರಲ್ಲ, ನೆಂಟರು. ನೆಂಟರನ್ನು ಊರು ಒಂದು ವರ್ಷ ಸಾಕುತ್ತದೆ. ತಲೆಗೆ ಎರಡು ಚೊಂಬಿನಂತೆ ಓಣಿಯವರು ಸರದಿಯ ಮೇಲೆ ನೀರು ಕೊಡುತ್ತಾರೆ. ವರ್ಷ ತುಂಬಿದ ಬೆಳಿಗ್ಗೆ, ಬೇರು ಸುಮ್ಮನಾಗುವುದರೊಳಗೆ, ಅವರ ಮನೆಯ ಬೇರು ಒಂದು ಒಳಲೆ ನೀರು ಕೊಡಬೇಕು. ಎಳೆಗೂಸಿಗೆ ಹಾಲು ಕುಡಿಸುತ್ತೀವಲ್ಲ, ಆ ಒಳಲೆಯ ತುಂಬ. ಕೊಟ್ಟರೆ ಅವರು ಊರಿನವರು. ಕೊಡದಿದ್ದರೆ ಬುತ್ತಿ ಕಟ್ಟಿ ಕಳಿಸಿಕೊಡುತ್ತೇವೆ. ಮೊದಲೆಲ್ಲ ಒಂದು ಬಿಂದಿಗೆ ಕೊಡಬೇಕು ಎನ್ನುತ್ತಿದ್ದರು. ನಾನು ಐವತ್ತೆರಡನೇ ವಯಸ್ಸಿಗೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ಊರಬಾಗಿಲ ಕಲ್ಲನ್ನು ಬೆರಳಿಟ್ಟುಕೊಂಡು ಓದಿದೆ. ಒಳಲೆ ಎಂದೇ ಕೆತ್ತಿತ್ತು. ಹೊಸ ಮನೆಯ ಬೇರು ನೀರು ಕೊಟ್ಟಿತೋ ಇಲ್ಲವೋ ಎಂದು ನೋಡುವ ಕೆಲಸದ ಮುರಿಗೆಪ್ಪನನ್ನು ಕರೆದು ತೋರಿಸಿದೆ. ಅಪ್ಪನ ಕಾಲದಿಂದ ಬಿಂದಿಗೆ ಹಿಡಿದು ಓಡಾಡಿದವನು ಒಳಲೆ ಹಿಡಿಯಬೇಕಾಯಿತು. ಅವನಿಗೆ ಇವತ್ತಿಗೂ ನನ್ನ ಮೇಲೆ ಅಷ್ಟು ಸಮಾಧಾನವಿಲ್ಲ.

ಹಾಲಪ್ಪ ಕೌದಿ ಹೊಲಿಯುವವನು. ಹಳೇ ಸೀರೆ, ಹಳೇ ಪಂಚೆ ಏನು ಕೊಟ್ಟರೂ ಪದರದ ಮೇಲೆ ಪದರ ಕೂಡಿಸಿ, ಹೊದ್ದವರು ಬೆಳಿಗ್ಗೆ ಏಳಲು ತಕರಾರು ಮಾಡುವಂಥ ಕೌದಿ ಮಾಡಿಕೊಡುತ್ತಿದ್ದ. ಅವನ ಹೆಂಡತಿ ಕೊಟ್ರಮ್ಮ, ತಾಯಿ ಅಡಿವೆಮ್ಮ. ಮೂವರೂ ಒಂದು ಗಾಡಿಯಲ್ಲಿ ಬಂದಿಳಿದರು. ಮೂರು ಊರು ಬಿಟ್ಟು ಬಂದವರು. ಮೂರರಲ್ಲೂ ಅವರಿದ್ದ ಮನೆಯ ಬಾವಿ ಬತ್ತಿತಂತೆ. ಕೊಟ್ರಮ್ಮ ಇದನ್ನು ಬಂದ ದಿನವೇ ನನ್ನೆದುರಿಗೆ ಹೇಳಿದಳು, ಅತ್ತೆಯ ಕಡೆ ನೋಡಿಕೊಂಡೇ ಹೇಳಿದಳು.

"ಕೆಲವರ ಕಾಲ್ಗುಣ ಹಂಗಿರ್ತೈತೆ ಅಜ್ಜಿ. ಹೊಸಿಲು ದಾಟಿದ್ರೆ ಸಾಕು, ನೀರು ನೆಲ ಬಿಟ್ಟು ಓಡಿಹೋಗ್ತೈತೆ."

"ನಮ್ಮೂರಾಗೆ ನೀರಿಗೆ ಓಡಿಹೋಗಾಕೆ ಜಾಗ ಇಲ್ಲ ಕಣವ್ವ. ಬೇರಿನೊಳಗೆ ಇರ್ತೈತೆ," ಎಂದೆ ನಾನು. ಅಡಿವೆಮ್ಮ ನೆಲ ನೋಡುತ್ತ ಗಂಟು ಬಿಚ್ಚುತ್ತಿದ್ದಳು.

ಅವರ ಮನೆಗೆ ಹತ್ತಿರದ ಮರವೆಂದರೆ ಓಣಿಯಾಚೆ ಕರಿಬಸಮ್ಮನ ಹಿತ್ತಲಿನ ಅತ್ತಿಮರ. ಕರಿಬಸಮ್ಮ ದಿನವೂ ಬಿಂದಿಗೆಯೊಳಗೆ ಕಡ್ಡಿ ಇಳಿಬಿಟ್ಟು ನೀರು ಎಷ್ಟು ಬಂತೆಂದು ಗೀಟು ಹಾಕುವ ಹೆಂಗಸು. ಕೇಳಲು ಹೋದಾಗ ಸೊಂಟದ ಮೇಲೆ ಕೈ ಇಟ್ಟಳು.

"ನನ್ನ ಮರ ಏನು ಛತ್ರನಾ ತಿಪ್ಪಜ್ಜಿ? ಬಂದೋರೆಲ್ಲ ಬೇರು ಎಳಕೊಂಡು ಹೋಗಾಕೆ?"

"ಎಳಕೊಂಡು ಹೋಗಲ್ಲ ಕಣೇ, ಕರಕೊಂಡು ಹೋಗ್ತೀನಿ. ನಿನ್ನ ಮರಕ್ಕೆ ಹದಿನಾಲ್ಕು ಬೇರು ಅವೆ. ಎರಡು ದುಡೀತವೆ, ಹನ್ನೆರಡು ಮಲಗ್ಯಾವೆ."

"ನನ್ನ ಗೀಟು ಕೆಳಗಿಳಿದ್ರೆ?"

"ಇಳಿದ್ರೆ ನಮ್ಮ ಮನೆ ಬಿಂದಿಗೆ ತಂದು ನಿನ್ನ ಒಲೆ ಮುಂದೆ ಇಡ್ತೀನಿ."

ಆಯಿತು ಎಂದಳು. ಹಗ್ಗ ಹಾಸಿದೆ. ಹತ್ತು ತಿಂಗಳು ಹನ್ನೆರಡು ದಿನಕ್ಕೆ ಬೇರು ಹಾಲಪ್ಪನ ಅಡುಗೆಮನೆಯ ಗೋಡೆ ಮುಟ್ಟಿತು. ತೂತು ಕೊರೆದು ಒಳಗೆ ಬರಮಾಡಿಕೊಂಡು, ತುದಿಯನ್ನು ಓರೆಯಾಗಿ ಕೊಯ್ದೆ. "ಎಂಟು ದಿನಕ್ಕೆ ಬೆವರ್ತೈತೆ, ಹದಿನೈದು ದಿನಕ್ಕೆ ಹನಿತೈತೆ. ಕೈ ಮುಗಿದು ಸುಮ್ನಿರ್ರಿ" ಎಂದು ಹೇಳಿ ಬಂದೆ. ವರ್ಷ ತುಂಬಲು ಇನ್ನೂ ನಲವತ್ತೆಂಟು ದಿನವಿತ್ತು. ಯಾವ ಭಯವೂ ನನಗಿರಲಿಲ್ಲ.

ಹದಿನೈದು ದಿನವಾಯಿತು. ತುದಿ ಒದ್ದೆಯಾಗಿರುತ್ತಿತ್ತು, ಹನಿ ಮಾತ್ರ ಬೀಳುತ್ತಿರಲಿಲ್ಲ. ಇಪ್ಪತ್ತೈದಾಯಿತು. ಇನ್ನೊಂದು ಸಲ ಕೊಯ್ದೆ. ಒಳಗೆ ಬಿಳಿ ತಿರುಳು, ಹಾಲಿನ ವಾಸನೆ, ಜೀವ ತುಂಬಿದ ಬೇರು. ರೋಗವಿಲ್ಲ, ಹುಳುವಿಲ್ಲ, ಕವಲಿಲ್ಲ. ಮೂವತ್ತೊಂಬತ್ತಾಯಿತು. ಕಟ್ಟೆಯ ಮೇಲೆ ಕೂತ ಮುರಿಗೆಪ್ಪ ನಾನು ಹಾದುಹೋಗುವಾಗ, "ಏನಜ್ಜಿ, ಒಳಲೆನೂ ದೊಡ್ಡದಾತಾ? ಉದ್ದರಣೆ ತರಲಾ?" ಎಂದು ಕೇಳಿದ. ಕೂತವರೆಲ್ಲ ನಕ್ಕರು. ಹಾಲಪ್ಪ ಹೊಲಿದಿಟ್ಟ ಕೌದಿಗಳನ್ನು ಮಡಿಚತೊಡಗಿದ್ದ, ಗಾಡಿಗೆ ಹೇರಲು ಸಲೀಸಾಗುವ ಹಾಗೆ. ಉಳಿದದ್ದು ಒಂಬತ್ತು ದಿನ. ಬೇರು ಕೊಡದಿದ್ದರೆ ಆ ಮೂವರು ನಾಲ್ಕನೇ ಊರೂ ಬಿಡಬೇಕು. ಬಿಟ್ಟ ಮೇಲೆ ಕೊಟ್ರಮ್ಮ ಆ ಮುದುಕಿಯನ್ನು ಬದುಕಲು ಬಿಡುವುದಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಕರಿಬಸಮ್ಮ ತಾನಾಗಿಯೇ ನನ್ನನ್ನು ಹಿತ್ತಲಿಗೆ ಕರೆದಳು.

"ಬಾ ಇಲ್ಲಿ, ನನ್ನ ಗೀಟು ನೋಡು. ತಿಂಗಳಾತು, ದಿನಾ ಅರ್ಧ ಚೊಂಬು ಜಾಸ್ತಿ. ನಾನು ಸೋಮವಾರ ಒಪ್ಪೊತ್ತು ಹಿಡಿದೆ ನೋಡು, ಅದರ ಫಲ. ಕೆಲವರಿಗೆ ಒಲೀತೈತೆ, ಕೆಲವರಿಗೆ ಒಲಿಯಲ್ಲ."

"ತಿಂಗಳಾತಾ?"

"ತಿಂಗಳ ಮೇಲೆ ಆರೇಳು ದಿನ."

ನಾನು ತಲೆ ಎತ್ತಿ ಮರ ನೋಡಿದೆ. ಪ್ರತಿ ಎಲೆಯ ಅಂಚಿನಲ್ಲೂ ಸಾಲಾಗಿ ಹನಿ ಕೂತಿದ್ದವು. ಅದು ಇಬ್ಬನಿಯಲ್ಲ, ಪಕ್ಕದ ಬೇಲಿಯ ಮೇಲೆ ಒಂದು ಹನಿಯೂ ಇರಲಿಲ್ಲ. ಕುಡಿದದ್ದು ಹೆಚ್ಚಾದಾಗ ಮರ ಎಲೆಯಲ್ಲಿ ಹೊರಹಾಕುತ್ತದೆ. ಬುಡದ ಮಣ್ಣನ್ನು ಕೈಯಲ್ಲಿ ಹಿಡಿದು ಅದುಮಿದೆ, ಎಂದಿನ ತೇವವೇ. ಹಾಗಾದರೆ ಈ ಮರ ಬುಡದಿಂದಲ್ಲದೆ ಇನ್ನೆಲ್ಲಿಂದಲೋ ಕುಡಿಯುತ್ತಿದೆ. ಎಲ್ಲಿಂದ ಎಂದು ಯೋಚಿಸಲು ಕೂರಬೇಕಾಗಲಿಲ್ಲ. ಕಾಲು ತಾನಾಗಿಯೇ ಓಣಿ ದಾಟಿತು.

ಕೊಟ್ರಮ್ಮ ಸರದಿ ಮನೆಗೆ ನೀರು ತರಲು ಹೋಗಿದ್ದಳು. ಹಾಲಪ್ಪ ಹಳೇ ಬಟ್ಟೆ ಕೂಡಿಸಲು ಹೊರಟಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅಡಿವೆಮ್ಮ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬೇರಿನ ತುದಿಗೆ ಅರಿಶಿನ ಹಚ್ಚಿ, ಚೊಂಬಿನಿಂದ ಸಣ್ಣಗೆ, ಗಾಯಕ್ಕೆ ಔಷಧಿ ಬಿಡುವ ಹಾಗೆ, ನೀರು ಬಿಡುತ್ತಿದ್ದಳು. ಬಿಟ್ಟ ನೀರು ಕೆಳಗೆ ಬೀಳುತ್ತಲೇ ಇರಲಿಲ್ಲ. ತುದಿಯಲ್ಲೇ ಇಂಗುತ್ತಿತ್ತು.

"ಏನು ಮಾಡ್ತಿದೀಯ ಅಡಿವೆಕ್ಕ?"

ಬೆಚ್ಚಿಬಿದ್ದಳು. "ಪೂಜೆ ಕಣಕ್ಕ."

"ಎಷ್ಟು ದಿನದಿಂದ?"

"ನೀನು ತುದಿ ಕೊಯ್ದ ದಿನದಿಂದ. ಅಷ್ಟು ದೂರದಿಂದ ನಡಕೊಂಡು ಬಂದು ಗಾಯ ಮಾಡಿಸಿಕೊಂತು, ಬಾಯಾರಿರ್ತೈತೆ ಅಂತ. ಸಮಾಧಾನ ಆದ್ರೆ ಕೊಡ್ತೈತೆ ಅಂತ."

"ಯಾರ ಪಾಲಿನ ನೀರು?"

ಅವಳ ಮುಖವೇ ಹೇಳುತ್ತಿತ್ತು. ತುಟಿ ಸೀಳು ಬಿಟ್ಟಿದ್ದವು, ಮಾತಾಡುವಾಗ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ತನಗೆ ಬರುವ ಎರಡು ಚೊಂಬಿನಲ್ಲಿ ಒಂದನ್ನು ಪೂರ್ತಿ ಬೇರಿಗೆ ಹೊಯ್ದಿದ್ದಾಳೆ, ಮೂವತ್ತೊಂಬತ್ತು ದಿನ.

ನನಗೆ ಮೊದಲು ಬಂದದ್ದು ಸಿಟ್ಟೇ. ನಲವತ್ತೊಂದು ವರ್ಷದ ಹೆಸರನ್ನು ಒಂದು ಚೊಂಬಿನಲ್ಲಿ ಮುಳುಗಿಸಿದಳಲ್ಲ ಎಂದು ಬಾಯಿತನಕ ಬಂತು. ಆದರೆ ಆ ಮುಖ ನೋಡಿ ಯಾರು ಬೈಯುತ್ತಾರೆ? ಪಕ್ಕದಲ್ಲಿ ಕೂತೆ. ಹೇಳುತ್ತ ಹೇಳುತ್ತ ನನಗೂ ಅದು ಆಗಲೇ ಪೂರ್ತಿ ತಿಳಿದಂತಾಯಿತು.

"ನೋಡಕ್ಕ, ಬೇರಿಗೆ ಬರೋದು ಎರಡೇ. ತನಗಿಂತ ಒದ್ದೆ ಇದ್ದ ಕಡೆ ಕುಡೀತೈತೆ, ತನಗಿಂತ ಒಣಗಿದ ಕಡೆ ಕೊಡ್ತೈತೆ. ಅದಕ್ಕೆ ಪೂಜೆ ತಿಳಿಯಲ್ಲ, ಪುಣ್ಯ ತಿಳಿಯಲ್ಲ. ಇಲ್ಲಿ ನೀನು ದಿನಾ ಒದ್ದೆ ಮಾಡ್ತೀಯ, ಅದು ಇಲ್ಲಿಂದ ಕುಡಿದು ಮರಕ್ಕೆ ಸೇರಿಸ್ತೈತೆ. ಮರ ಕರಿಬಸಿ ಮನೆಗೆ ಕೊಡ್ತೈತೆ. ಅಡುಗೆಮನೆ ತೊಳೀಬಾರದು ಅಂತ ನಮ್ಮ ದೊಡ್ಡೋರು ಹೇಳಿದ್ದು ಇದಕ್ಕೇ."

ಅಡಿವೆಮ್ಮ ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು. "ಹಂಗಾದ್ರೆ ನಾನೇ ಅದನ್ನ ತಡೆದೆನಾ?"

"ಗೊತ್ತಿಲ್ದೆ ಮಾಡಿದ್ದು."

"ಗೊತ್ತಿಲ್ದೆ ಮಾಡಿದ್ರೂ ನಾನೇ ಅಲ್ವಾ? ಕೊಟ್ರಿ ಹೇಳೋದು ಸುಳ್ಳಲ್ಲ ಬಿಡು." ನನ್ನ ಮೊಣಕೈ ಹಿಡಿದುಕೊಂಡಳು. "ಅವಳಿಗೆ ಹೇಳಬ್ಯಾಡ ತಿಪ್ಪಕ್ಕ. ಊರು ಬಿಡೋದಾದ್ರೂ ಬಿಡ್ತೀನಿ, ಇದನ್ನ ಕೇಳಿಸ್ಕೊಂಡು ಅವಳ ಮುಂದೆ ಉಣ್ಣಾಕಾಗಲ್ಲ."

"ಹೇಳಲ್ಲ. ಊರೂ ಬಿಡಲ್ಲ. ಒಂಬತ್ತು ದಿನ ಐತೆ. ನನಗೆ ಸಾಕು. ನೀನು ಮಾತ್ರ ಈ ಮೂಲೆಗೆ ಒಂದು ತೊಟ್ಟು ತಾಗಿಸಬ್ಯಾಡ."

"ಅಳು ಬಂದ್ರೆ?"

"ಹೊರಗೆ ಹೋಗಿ ಅಳು. ಅತ್ತಿಮರದ ಬುಡದಾಗೆ ಅಳು, ಉಪಯೋಗಕ್ಕೆ ಬರ್ತೈತೆ."

ನಕ್ಕಳು. ಸೀಳಿದ ತುಟಿ ನೋಯಿತೆಂದು ಕಾಣುತ್ತದೆ, ಬಾಯಿಗೆ ಕೈ ಅಡ್ಡ ಹಿಡಿದಳು.

ಅವತ್ತೇ ಒಲೆಯನ್ನು ಪಡಸಾಲೆಗೆ ಹಾಕಿಸಿದೆ. ಮೂಲೆಯ ಒದ್ದೆ ಮಣ್ಣನ್ನು ಕೆರೆದು ತೆಗೆಸಿ, ಬಾಣಲೆಯಲ್ಲಿ ಹುರಿದ ಮರಳು ತುಂಬಿಸಿದೆ. ಬೇರಿನ ತುದಿಗೆ ಒಲೆಯ ಬೂದಿ ಕಟ್ಟಿದೆ. ಹಸಿ ಕಾಲಲ್ಲಿ ಯಾರೂ ಒಳಗೆ ಬರಕೂಡದು ಎಂದೆ. ಕೊಟ್ರಮ್ಮ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿ ಕೇಳಿದಳು.

"ಮೂವತ್ತೊಂಬತ್ತು ದಿನ ಕಳೆದ ಮೇಲೆ ಈಗ ಹೊಳೀತಾ ಅಜ್ಜಿ?"

"ಹೌದವ್ವ, ಈಗ ಹೊಳೀತು. ಮೊದಲೇ ಮೂಲೆ ಒಣಗಿಸಬೇಕಿತ್ತು. ನನ್ನ ತಪ್ಪು."

ಆ ಮಾತು ಸಂಜೆಯೊಳಗೆ ಕಟ್ಟೆ ಮುಟ್ಟಿತು. ತಿಪ್ಪಜ್ಜಿಗೆ ವಯಸ್ಸಾಯಿತು, ಇನ್ನು ಹಗ್ಗ ಬೇರೆಯವರಿಗೆ ಕೊಡಲಿ ಎಂದು ಮುರಿಗೆಪ್ಪ ಹೇಳಿದನಂತೆ. ಹೇಳಿಕೊಳ್ಳಲಿ. ನನ್ನ ಕೆಲಸ ನನಗೆ ಗೊತ್ತು. ಕಟ್ಟೆಯ ಮೇಲೆ ಕೂತವರಿಂದ ಅದನ್ನು ಕಲಿಯಬೇಕಾಗಿಲ್ಲ.

ಕುಡಿದು ರೂಢಿಯಾದ ಬೇರು ತಿರುಗಲು ಸಮಯ ತೆಗೆದುಕೊಳ್ಳುತ್ತದೆ. ಐದು ದಿನ ಬೂದಿ ಬೂದಿಯಾಗಿಯೇ ಇತ್ತು. ಆರನೇ ದಿನ ಬೆಳಿಗ್ಗೆ ಕಪ್ಪಗಾಯಿತು. ಅದನ್ನು ಬದಲಿಸಿದೆ. ಏಳನೇ ದಿನ ಒಂದು ಹನಿ ಮೂಡಿ, ಬೀಳಲೋ ಬೇಡವೋ ಎಂದು ಯೋಚಿಸಿ, ಬಿತ್ತು. ಎಂಟನೇ ದಿನ ಎಲೆಗೆ ಬಿಸಿಲು ತಾಗುವುದರೊಳಗೆ ಅರ್ಧ ಒಳಲೆ ಬಂತು. ಅಡಿವೆಮ್ಮ ಅದನ್ನು ನೋಡಿ ಓಡುತ್ತ ಹೊರಗೆ ಹೋದಳು. ಅಳಲು ಹೋದಳೆಂದು ನನಗೆ ಗೊತ್ತಾಯಿತು.

ಅರ್ಧ ಒಳಲೆ. ನಾಳೆಯೇ ಒಂಬತ್ತನೇ ದಿನ. ನಾಳೆಯೂ ಮುಕ್ಕಾಲಿಗಿಂತ ಹೆಚ್ಚು ಬರುವುದಿಲ್ಲ. ಹೊತ್ತು ಒಂದು ಗಳದಷ್ಟು ಮೇಲೇರುವ ತನಕ ಎಲೆಗೆ ಬಿಸಿಲು ತಾಗದಿದ್ದರೆ ತುಂಬುತ್ತದೆ. ಆಕಾಶ ನೋಡಿದೆ. ಹತ್ತಿ ಎಳೆಯಷ್ಟು ಮೋಡವೂ ಇಲ್ಲ. ಪಡಸಾಲೆಯಲ್ಲಿ ಹಾಲಪ್ಪ ಇಪ್ಪತ್ತೇಳು ಕೌದಿಗಳನ್ನು ಗಂಟು ಕಟ್ಟಿ ಒಟ್ಟಿದ್ದ.

"ಹಾಲಪ್ಪ, ಮೋಡ ಹೊಲಿಯಾಕೆ ಬರ್ತೈತೇನಪ್ಪ ನಿನಗೆ?"

"ಏನಂದ್ರಿ ಅಜ್ಜಿ?"

"ಆ ಗಂಟು ಬಿಚ್ಚು. ಎಲ್ಲಾ ಕೌದಿನೂ ಎರಡೆರಡು ಸೇರಿಸಿ ದಪ್ಪ ಎಳೆಯಾಗೆ ಕೂಡಿಸು. ನಾಳೆ ಬೆಳಕು ಹರಿಯೋದ್ರೊಳಗೆ ಅತ್ತಿಮರದ ಮೂಡಲ ಕಡೆಗೆ ಹೊದಿಸಬೇಕು."

ಕರಿಬಸಮ್ಮನನ್ನು ಒಪ್ಪಿಸುವುದೇ ಕಷ್ಟದ್ದಾಗಿತ್ತು. "ಮರಕ್ಕೆ ಕೌದಿ ಹೊದಿಸ್ತಾರಂತೆ! ಯಾಕೆ, ಚಳಿಜ್ವರ ಬಂದೈತಾ? ಮೊದಲೇ ಎಂಟು ದಿನದಿಂದ ನನ್ನ ಅರ್ಧ ಚೊಂಬು ಕಾಣೆಯಾಗೈತೆ. ಒಪ್ಪೊತ್ತು ಬಿಟ್ಟಿಲ್ಲ, ಏನೂ ಬಿಟ್ಟಿಲ್ಲ."

"ಹೊದಿಸಿದ್ರೆ ನಿನ್ನ ಬೇರೂ ಅಷ್ಟು ಹೊತ್ತು ಜಾಸ್ತಿ ಕೊಡ್ತೈತೆ ಕರಿಬಸಿ. ಮೋಡದ ದಿನ ಕೊಡಲ್ವಾ, ಹಂಗೇ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಏಣಿ ನಮ್ಮ ಮನೇದೇ ಐತೆ, ಯಾರನ್ನೂ ಕೇಳಾಕೆ ಹೋಗಬ್ಯಾಡ್ರಿ" ಎಂದಳು.

ಮುರಿಗೆಪ್ಪ ಒಳಲೆ ಹಿಡಿದು ಬರುವ ಹೊತ್ತಿಗೆ ಮರದ ಮೂಡಲ ಪಕ್ಕಕ್ಕೆ ತುದಿಯಿಂದ ನಡುವಿನವರೆಗೆ ಕೌದಿ ಇಳಿಬಿದ್ದಿದ್ದವು. ಕೆಂಪು, ಹಸಿರು, ಹುಣಸೆಹೂವಿನ ಬಣ್ಣದ ಚೌಕಗಳು, ಯಾರ್ಯಾರದೋ ಮದುವೆ ಸೀರೆಯ ಅಂಚುಗಳು. ಓಣಿಯವರೆಲ್ಲ ತಮ್ಮ ತಮ್ಮ ಸೀರೆ ಯಾವ ಕೌದಿಯಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದರು. ಮುರಿಗೆಪ್ಪ ಮೇಲೆ ನೋಡಿದ, ಕೆಳಗೆ ನೋಡಿದ.

"ಇದು ನಡೆಯಲ್ಲ ಅಜ್ಜಿ."

"ಕಲ್ಲಿನ ಮೇಲೆ ಬೇರು ಸುಮ್ಮನಾಗೋದ್ರೊಳಗೆ ಅಂತ ಕೆತ್ತೈತೆ. ಮರಕ್ಕೆ ಹೊದಿಸಬಾರದು ಅಂತ ಎಲ್ಲೈತೆ? ಬಾ, ಓದಿ ತೋರಿಸ್ತೀನಿ."

ಮತ್ತೊಮ್ಮೆ ಆ ಕಲ್ಲಿನವರೆಗೆ ನನ್ನ ಹಿಂದೆ ನಡೆಯುವ ಆಸೆ ಅವನಿಗಿರಲಿಲ್ಲ. ಒಳಗೆ ಬಂದು, ಕಾಲು ಒರೆಸಿಕೊಂಡು, ಬೇರಿನ ಕೆಳಗೆ ಒಳಲೆ ಇಟ್ಟು ಎದುರಿಗೆ ಕೂತ. ನಾನು ಬೂದಿ ಬಿಚ್ಚಿದೆ. ಹಾಲಪ್ಪ ಕೌದಿ ಹಿಡಿಯಲು ಹೊರಗಿದ್ದ. ಅಡಿವೆಮ್ಮ ಗೋಡೆಗೆ ಒರಗಿ, ಕೊಟ್ರಮ್ಮ ಬೇರಿನ ಪಕ್ಕದಲ್ಲಿ.

ಹನಿ ಬಿತ್ತು. ಇನ್ನೊಂದು. ಮೂರು ಸಲ ಉಸಿರೆಳೆದರೆ ಒಂದು ಹನಿ. ಹೊರಗೆ ಬೆಳಕು ಏರಿತು; ಹಿಂದಿನ ದಿನ ಬೇರು ನಿಂತ ಹೊತ್ತು ಬಂತು, ದಾಟಿತು, ಹನಿ ನಿಲ್ಲಲಿಲ್ಲ. ಅರ್ಧವಾಯಿತು. ಮುಕ್ಕಾಲಾಯಿತು. ಮುರಿಗೆಪ್ಪನೇ ಬಗ್ಗಿ ಬಗ್ಗಿ ನೋಡತೊಡಗಿದ. ಒಳಲೆಯ ಅಂಚಿಗೆ ಇನ್ನೊಂದು ಕಾಳಿನಷ್ಟು ಬಾಕಿ ಇರುವಾಗ ಹೊರಗೆ ಗಾಳಿ ಎದ್ದಿತು.

"ಹಾರ್ತೈತೆ! ಮೇಲಿಂದು ಹಾರ್ತೈತೆ, ಹಿಡೀರೋ!" ಕರಿಬಸಮ್ಮನ ಕೂಗು.

ಧೊಪ್ಪೆಂದು ಏನೋ ಬಿದ್ದ ಸದ್ದು. ಬೇರಿನ ತುದಿಯಲ್ಲಿ ಮೂಡಿದ್ದ ಹನಿ ಬೀಳದೆ ಅಲ್ಲೇ ನಿಂತಿತು. ನಾನು ಉಸಿರು ಎಣಿಸಿದೆ. ಮೂರು, ಆರು, ಹತ್ತು. ಹನಿ ಸಣ್ಣದಾಗುತ್ತಿತ್ತು, ಒಳಕ್ಕೆ ಹೋಗುತ್ತಿತ್ತು. ಮುರಿಗೆಪ್ಪ ಹೊರಗೇನಾಯಿತೆಂದು ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ಕೊಟ್ರಮ್ಮ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಬೇರಿನ ಮೇಲಕ್ಕೆ ತಂದಳು. ಸೆರಗು ತೊಯ್ದಿತ್ತು. ಬೇಕೆಂದೇ ನೆನೆಸಿಕೊಂಡು ಬಂದಿದ್ದಳು. ಒಂದು ಸಲ ಹಿಂಡಿದರೆ ಬೇರಿನ ಮೇಲಿಂದ ಇಳಿದು ಒಳಲೆ ತುಂಬುತ್ತದೆ, ಬೇರೇ ಕೊಟ್ಟ ಹಾಗೆ ಕಾಣುತ್ತದೆ ಎಂದುಕೊಂಡಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅಡಿವೆಮ್ಮ ಎದ್ದು ಸೊಸೆಯ ಮಣಿಕಟ್ಟು ಹಿಡಿದಿದ್ದಳು. ಅಷ್ಟು ಶಕ್ತಿ ಅವಳಲ್ಲಿ ಎಲ್ಲಿತ್ತೋ.

"ಬ್ಯಾಡ ಕೊಟ್ರಿ! ಒದ್ದೆ ತಾಗಿದ್ರೆ ಅದು ಕುಡಿಯಾಕೆ ತಿರುಗ್ತೈತೆ. ಮತ್ತೆ ಕೊಡಲ್ಲ."

"ಬಿಡ್ರಿ ಅತ್ತೆ. ನಿಮಗೇನು ಗೊತ್ತು?"

"ನನಗೇ ಗೊತ್ತು. ಮೂವತ್ತೊಂಬತ್ತು ದಿನ ಹೊಯ್ದು ಹೊಯ್ದು ಇದನ್ನ ಕೆಡಿಸಿದ್ದು ನಾನೇ. ತಿಪ್ಪಕ್ಕಂದು ಏನೂ ತಪ್ಪಿಲ್ಲ. ನನ್ನ ಮಾನ ಉಳಿಸಾಕೆ ತನ್ನ ಮೇಲೆ ಹಾಕ್ಕೊಂಡ್ಳು."

ಮುರಿಗೆಪ್ಪ ತಿರುಗಿ ನೋಡುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೊಟ್ರಮ್ಮನ ಮುಖ ಮೊದಲು ಕೆಂಪೇರಿತು, ಆಮೇಲೆ ಗೊಂದಲವಾಯಿತು.

"ಹೊಯ್ದ್ರಾ? ಯಾವ ನೀರು? ಮನೆಗೆ ಬರೋದು ಆರು ಚೊಂಬು. ಅಡುಗೆಗೆ ಇಷ್ಟು, ಕುಡಿಯಾಕೆ ಇಷ್ಟು ಅಂತ ನಾನೇ ಅಳೆದಿಡ್ತೀನಿ. ಒಂದಿನಾನೂ ಕಡಿಮೆ ಬಂದಿಲ್ಲ."

"ನನ್ನ ಪಾಲಿಂದು."

"ನಿಮ್ಮ ಪಾಲು ಹೊಯ್ದ್ರೆ ನೀವೇನು ಕುಡಿದ್ರಿ?"

ಕೊಟ್ರಮ್ಮ ಮೊದಲ ಸಲ ಅತ್ತೆಯ ಒಡೆದ ತುಟಿಗಳನ್ನು ಹತ್ತಿರದಿಂದ ನೋಡಿದಳೆಂದು ಕಾಣುತ್ತದೆ. ಕೈ ಬಿಡಿಸಿಕೊಂಡು, ಒದ್ದೆ ಸೆರಗನ್ನು ಬೇರಿಗೆ ತಾಗದ ಹಾಗೆ ಎದೆಗೆ ಒತ್ತಿ ಹಿಡಿದು, ದಡದಡನೆ ಹೊರಗೆ ಹೋದಳು. ಮುಗಿಯಿತು, ಇವಳು ಗಾಡಿ ಕಟ್ಟಲು ಹೋದಳು ಎಂದುಕೊಂಡೆ.

ಆದರೆ ಹೊರಗಿನಿಂದ ಅವಳ ದನಿ ಬಂತು. "ಏಣಿ ಇತ್ತ ಕೊಡ್ರಿ! ನೀವು ಅತ್ಲಾಗೆ ಹಿಡೀರಿ, ನಾನು ಮೇಲೆ ಹೋಗ್ತೀನಿ." ಕರಿಬಸಮ್ಮ ಕೂಗಿದಳು: "ಬೀಳ್ತೀಯ ಕಣೇ ಹುಚ್ಚಿ! ಆ ಕೊಂಬೆ ಸಣ್ಣದು!" ಅದಕ್ಕೆ ಉತ್ತರ: "ಬಿದ್ರೆ ಕೌದಿ ಮೇಲೆ ಬೀಳ್ತೀನಿ, ಸುಮ್ನಿರಕ್ಕ!" ಎಲೆಗಳು ಜರಜರ ಎಂದವು. ಆಮೇಲೆ ಸದ್ದಡಗಿತು. ಕೊಂಬೆಯ ಮೇಲೆ ಹೊಟ್ಟೆ ಕೊಟ್ಟು ಮಲಗಿ, ಎರಡೂ ಕೈಯಲ್ಲಿ ಕೌದಿಯ ಅಂಚನ್ನು ಅದುಮಿ ಹಿಡಿದಿದ್ದಳಂತೆ.

ನಾವು ಮೂವರು ಬೇರನ್ನೇ ನೋಡುತ್ತ ಕೂತೆವು. ಒಳಗೆ ಹೋಗುತ್ತಿದ್ದ ಹನಿ ನಿಂತಿತು. ಉಸಿರು ಎಣಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೆ. ಹನಿ ಮೆಲ್ಲಗೆ ತುಂಬಿಕೊಂಡಿತು, ಗುಂಡಗಾಯಿತು, ಬಿತ್ತು. ಅದರ ಹಿಂದೆ ಇನ್ನೊಂದು. ಆರನೆಯದಕ್ಕೆ ಒಳಲೆಯ ಮೂತಿಯಿಂದ ನೀರು ತುಳುಕಿ ಮುರಿಗೆಪ್ಪನ ಹೆಬ್ಬೆರಳ ಮೇಲೆ ಬಿತ್ತು.

"ಆತು," ಎಂದ ಮುರಿಗೆಪ್ಪ. ಒಳಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಮನೆ ಆತು." ಆಮೇಲೆ, ನನ್ನ ಕಡೆ ನೋಡದೆ, "ಮೂವತ್ತೊಂಬತ್ತು ದಿನ ಹಿಮ್ಮುಖ ಕುಡಿದ ಬೇರನ್ನ ಒಂಬತ್ತು ದಿನಕ್ಕೆ ತಿರುಗಿಸೋದು ಸಣ್ಣ ಕೆಲಸ ಅಲ್ಲ ಬಿಡು," ಎಂದ. ಅದು ಅವನ ಬಾಯಿಂದ ಬರಬಹುದಾದ ದೊಡ್ಡ ಮಾತು. ಇಟ್ಟುಕೊಂಡೆ.

ಕೊಟ್ರಮ್ಮ ಒಳಗೆ ಬಂದಳು. ತಲೆಯಲ್ಲಿ ಅತ್ತಿ ಎಲೆ, ಮೊಣಕೈ ತರಚಿ ಹೋಗಿತ್ತು, ಹಿಂದೆ ಹಾಲಪ್ಪ. ಮುರಿಗೆಪ್ಪ ಒಳಲೆಯನ್ನು ಅವಳ ಕೈಗೆ ಕೊಟ್ಟ. "ಮೊದಲ ಒಳಲೆ ಹೊಸಿಲಿಗೆ ಹೊಯ್ಯೋದು ಪದ್ಧತಿ ಕಣವ್ವ. ಹೊಯ್ಯಿ."

ಅವಳು ಹೊಸಿಲ ಕಡೆ ಹೋಗಲಿಲ್ಲ. ನೇರ ಬಂದು ಅತ್ತೆಯ ಎದುರಿಗೆ ಕೂತಳು. ಕೂಸಿಗೆ ಹಿಡಿಯುವ ಹಾಗೆ ಒಳಲೆಯ ಮೂತಿಯನ್ನು ಆ ಒಡೆದ ತುಟಿಗಳಿಗೆ ಹಿಡಿದಳು. ಅಡಿವೆಮ್ಮ ಮುಖ ಹಿಂದಕ್ಕೆಳೆದುಕೊಂಡಳು.

"ಹೊಸಿಲಿಗೆ ಅಂದ್ರಲ್ಲೇ ಅವರು."

"ಹೊಸಿಲು ನಾಳೆ ಕುಡೀತೈತೆ. ಬಾಯಿ ಬಿಡ್ರಿ ಅತ್ತೆ." ಬೈಯುವಾಗಿನ ದನಿಯೇ, ಸ್ವಲ್ಪವೂ ಮೆತ್ತಗಾಗಿರಲಿಲ್ಲ. "ಇನ್ನು ಮೇಲೆ ನಿಮ್ಮ ಪಾಲು ನನ್ನ ಎದುರಿಗೇ ಕುಡೀಬೇಕು. ಕುಡಿದು ಬಾಯಿ ತೋರಿಸಬೇಕು."

ಅಡಿವೆಮ್ಮ ಕುಡಿದಳು. ನಿಧಾನವಾಗಿ, ಪೂರ್ತಿ. ಆಮೇಲೆ ಸೊಸೆಯ ಮುಖವನ್ನೇ ನೋಡುತ್ತ, ಹೇಳಿದ ಹಾಗೆ, ಬಾಯಿ ತೆರೆದು ತೋರಿಸಿದಳು.